ಒಂದೇ ತೂಕದ ಚೀಟಿ ಎರಡು ಸಲ ಜಮೆಯಾದರೆ ಕ್ಯೂವನ್ನು ಬೈಯಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ. ಹಾಗಾಗಿ ಅದಕ್ಕೇ ಹೆಚ್ಚು ಜಾಗ. ಮೆಸೇಜ್ ಕ್ಯೂ ಎಂದರೇನು ಎಂದು ಕೇಳಿದವರಿಗೆ ಇಷ್ಟೇ ಉತ್ತರ: ಒಂದು ಪ್ರೋಗ್ರಾಂ ಹಾಕಿದ ಸಂದೇಶವನ್ನು ಇನ್ನೊಂದು ಎತ್ತಿಕೊಳ್ಳುವವರೆಗೆ ಸಾಲಿನಲ್ಲಿ ಇಟ್ಟುಕೊಳ್ಳುವ ಸಾಫ್ಟ್‌ವೇರ್. ರ‍್ಯಾಬಿಟ್‌ಎಂಕ್ಯೂ ಅಂಥದ್ದೊಂದು.

ಪ್ರಶ್ನೆ: ಸರ್, ಸೋಮವಾರಪೇಟೆ ಕಡೆಯ ಕಾಫಿ ವ್ಯಾಪಾರಿಯೊಬ್ಬರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ತೂಕದ ಜಾಗದ ಕಂಪ್ಯೂಟರ್ ಪ್ರತಿ ಚೀಟಿಯನ್ನೂ ಪ್ರೋಗ್ರಾಂಗಳು ಓದಬಲ್ಲ ಪಠ್ಯರೂಪವಾದ ಎಕ್ಸ್‌ಎಂಎಲ್ ಮಾಡಿ ರ‍್ಯಾಬಿಟ್‌ಎಂಕ್ಯೂಗೆ ಹಾಕುತ್ತದೆ. ಮಡಿಕೇರಿ ಆಫೀಸಿನ ಲೆಕ್ಕದ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳುತ್ತದೆ. ಹೂಮಳೆಯ ಗುಡುಗಿಗೆ ಕರೆಂಟ್ ಹೋಗಿ ಬಂದ ದಿನ ಒಬ್ಬ ಬೆಳೆಗಾರರ ಖಾತೆಗೆ 40 ಚೀಲ ಚೆರಿ ಎರಡು ಸಲ ಜಮೆಯಾಯಿತು. ಮೆಸೇಜ್ ಒಂದೇ ಸಲ ಬರುವಂತೆ ಮಾಡುವ ಸೆಟ್ಟಿಂಗ್ ಎಲ್ಲಿದೆ? ಅದರ ಬದಲು ಕಾಫ್ಕಾ ಎಂಬ ಇನ್ನೊಂದು ಸಂದೇಶ ಸಾಗಿಸುವ ಸಾಫ್ಟ್‌ವೇರ್ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬ ಕನ್ಸಲ್ಟೆಂಟ್ ಹೇಳುತ್ತಿದ್ದಾರೆ.

ಉತ್ತರ: ಅಂಥ ಸೆಟ್ಟಿಂಗ್ ಇಲ್ಲ. ಹುಡುಕಿ ಸಮಯ ಹಾಳುಮಾಡಬೇಡಿ.

ಆ ದಿನ ನಡೆದದ್ದು ಎರಡರಲ್ಲಿ ಒಂದು. ಮಡಿಕೇರಿಯ ಪ್ರೋಗ್ರಾಂ ಚೀಟಿಯನ್ನು ಡೇಟಾಬೇಸಿಗೆ ಬರೆಯಿತು, ‘ಮುಗಿಯಿತು’ ಎಂದು ಕ್ಯೂಗೆ ಆಕ್ (ಸ್ವೀಕೃತಿ) ಕಳಿಸುವಷ್ಟರಲ್ಲಿ ಕರೆಂಟ್ ಹೋಯಿತು. ಆಕ್ ಬರದೆ ಕನೆಕ್ಷನ್ ಕಡಿದರೆ ರ‍್ಯಾಬಿಟ್‌ಎಂಕ್ಯೂ ಮೆಸೇಜನ್ನು ಮತ್ತೆ ಸಾಲಿಗೆ ಸೇರಿಸುತ್ತದೆ. ಸೇರಿಸಲೇಬೇಕು, ನಿಮ್ಮ ಪ್ರೋಗ್ರಾಂ ಬರೆದು ಸತ್ತಿತೋ, ಬರೆಯುವ ಮೊದಲೇ ಸತ್ತಿತೋ ಅದಕ್ಕೆ ಹೇಗೆ ಗೊತ್ತಾಗಬೇಕು? ಇಲ್ಲವೇ ಸೋಮವಾರಪೇಟೆಯಲ್ಲಿ ಮೆಸೇಜ್ ಹೋಗಿತ್ತು, ಹೋಯಿತೆಂಬ ಖಾತ್ರಿ ವಾಪಸು ಬರಲಿಲ್ಲ, ಆ ಕಡೆಯ ಪ್ರೋಗ್ರಾಂ ಮತ್ತೊಮ್ಮೆ ಕಳಿಸಿತು. ಅದೂ ಸರಿಯಾದ ಕೆಲಸವೇ.

ಹೆದರಿ ಆಟೋ ಆಕ್, ಅಂದರೆ ಮೆಸೇಜ್ ಕಳಿಸಿದ ಕೂಡಲೇ ಮುಗಿಯಿತೆಂದು ಕ್ಯೂ ಎಣಿಸುವ ಸೆಟ್ಟಿಂಗ್, ಹಾಕಿಕೊಂಡವರನ್ನು ನೋಡಿದ್ದೇನೆ. ಆಗ ಎರಡು ಸಲ ಬರುವುದು ಕಡಿಮೆಯಾಗುತ್ತದೆ, ಕೆಲವು ಚೀಟಿ ಬರುವುದೇ ಇಲ್ಲ. ಎರಡು ಸಲ ಜಮೆಯಾದರೆ ಬೆಳೆಗಾರರು ದೂರು ಹೇಳುವುದಿಲ್ಲ. ಜಮೆಯಾಗದಿದ್ದರೆ ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿರುತ್ತಾರೆ.

ಕಾಫ್ಕಾ ವಿಷಯ. ಅದಕ್ಕೆ ‘ಎಕ್ಸಾಕ್ಟ್‌ಲಿ ಒನ್ಸ್’ (ಸರಿಯಾಗಿ ಒಂದೇ ಸಲ) ಎಂಬ ಸೌಲಭ್ಯ 2017ರಲ್ಲಿ 0.11 ಆವೃತ್ತಿಯೊಂದಿಗೆ ಬಂತು, ನಿಜ. ಆದರೆ ಆ ಭರವಸೆ ಕಾಫ್ಕಾದಿಂದ ಓದಿ ಕಾಫ್ಕಾಗೇ ಬರೆಯುವ ಕೆಲಸಕ್ಕೆ. ಹೊರಗಿನ ನಿಮ್ಮ ಲೆಕ್ಕದ ಡೇಟಾಬೇಸಿಗೆ ಅದು ಜವಾಬ್ದಾರಿ ಹೊರುವುದಿಲ್ಲ. ದಿನಕ್ಕೆ ನಾಲ್ಕು ನೂರು ಚೀಟಿ ಸಾಗಿಸಲು ಕಾಫ್ಕಾ ಹಾಕಿಸುವವರು ನಿಮ್ಮ ಸಮಸ್ಯೆ ಬಿಡಿಸುತ್ತಿಲ್ಲ, ಬಿಲ್ಲು ಬೆಳೆಸುತ್ತಿದ್ದಾರೆ.

ತೋಟದ ಲೆಕ್ಕ ಬರೆಯುವ ರೈಟರ್ ಏನು ಮಾಡುತ್ತಾರೆ ನೋಡಿ. ಅದೇ ನಂಬರಿನ ಚೀಟಿ ಇನ್ನೊಮ್ಮೆ ಕೈಗೆ ಬಂದರೆ ಪುಸ್ತಕ ತಿರುವಿ, ಬರೆದಾಗಿದೆ ಎಂದು ಪಕ್ಕಕ್ಕಿಡುತ್ತಾರೆ. ನಿಮ್ಮ ಪ್ರೋಗ್ರಾಂ ಮಾಡಬೇಕಾದ್ದೂ ಅಷ್ಟೇ. ಡೇಟಾಬೇಸಿನಲ್ಲಿ ತೂಕದ ಜಾಗದ ಕೋಡ್, ಚೀಟಿ ನಂಬರ್ ಎರಡೂ ಸೇರಿ ಯುನೀಕ್ (ಅದೇ ಜೋಡಿ ಎರಡನೇ ಸಲ ಬರುವಂತಿಲ್ಲ) ಎಂದು ನಿಬಂಧನೆ ಹಾಕಿ. ಚೀಟಿ ಬರೆಯುವುದು, ಖಾತೆಗೆ ಜಮೆ ಮಾಡುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ, ಆದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಅದು ಕಮಿಟ್ ಆದ (ಡೇಟಾಬೇಸಿನಲ್ಲಿ ಕಾಯಂ ಆದ) ಮೇಲೆ ಆಕ್. ಎರಡನೇ ಸಲ ಬಂದದ್ದನ್ನು ಡೇಟಾಬೇಸೇ ತಳ್ಳಿಹಾಕುತ್ತದೆ. ಆಗಲೂ ಆಕ್ ಕೊಡಿ, ಇಲ್ಲದಿದ್ದರೆ ಅದು ಸುತ್ತುತ್ತಲೇ ಇರುತ್ತದೆ. ‘ಮೊದಲು ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸು’ ಎಂದು ಕೋಡಿನಲ್ಲಿ ಬರೆದು ಸುಮ್ಮನಾಗಬೇಡಿ. ಪ್ರೋಗ್ರಾಂನ ಎರಡು ಪ್ರತಿ ಒಟ್ಟಿಗೆ ಓಡುವಾಗ ಎರಡಕ್ಕೂ ‘ಇಲ್ಲ’ ಎಂದೇ ಕಾಣುತ್ತದೆ.

ಎಲ್ಲರೂ ಎಡವುವುದು ನಂಬರ್ ಹುಟ್ಟುವ ಜಾಗದಲ್ಲಿ. ಕಳಿಸುವ ಹೊತ್ತಿಗೆ ಹೊಸ ಐಡಿ ತಯಾರಿಸಿದರೆ ಮತ್ತೆ ಕಳಿಸಿದಾಗ ಇನ್ನೊಂದು ಐಡಿ ಬರುತ್ತದೆ, ಮೇಲಿನ ಏರ್ಪಾಡೆಲ್ಲ ವ್ಯರ್ಥ. ಚೀಟಿ ಪ್ರಿಂಟ್ ಆದ ಕ್ಷಣದಲ್ಲೇ ನಂಬರ್ ತೂಕದ ಜಾಗದ ಡಿಸ್ಕಿನಲ್ಲಿ ಉಳಿಯಬೇಕು, ಅಲ್ಲಿಂದಲೇ ಓದಿ ಕಳಿಸಬೇಕು. ಇಡೀ ಎಕ್ಸ್‌ಎಂಎಲ್‌ನ ಹ್ಯಾಶ್ (ಒಳಗಿನ ಪಠ್ಯದಿಂದ ಲೆಕ್ಕಹಾಕಿದ ಗುರುತು) ತೆಗೆದು ಹೋಲಿಸುವುದೂ ಬೇಡ: ಒಳಗೆ ಕಳಿಸಿದ ಸಮಯ ಇದ್ದರೆ ಹ್ಯಾಶ್ ಪ್ರತಿ ಸಲ ಬೇರೆ. ಮೆಸೇಜಿನ ‘ರೀಡೆಲಿವರ್ಡ್’ ಗುರುತನ್ನು ನಂಬಿ ಬಿಸಾಡುವುದಂತೂ ಅಪಾಯ. ಹಿಂದೊಮ್ಮೆ ಯಾರ ಕೈಗೋ ಹೋಗಿತ್ತು ಎಂದಷ್ಟೇ ಅದರ ಅರ್ಥ, ಲೆಕ್ಕಕ್ಕೆ ಬಿದ್ದಿದೆ ಎಂದಲ್ಲ. ಕಳಿಸುವವರೇ ಎರಡು ಸಲ ಹಾಕಿದ್ದಕ್ಕೆ ಆ ಗುರುತೇ ಇರುವುದಿಲ್ಲ.

ಇನ್ನೊಂದು, ಯಾರೂ ಕೇಳದ್ದು. ಅದೇ ನಂಬರ್, ತೂಕ ಮಾತ್ರ ಬೇರೆ ಆಗಿ ಬಂದರೆ? ಅದು ನಕಲಲ್ಲ, ತಿದ್ದುಪಡಿ. ಚೀಟಿಯಲ್ಲಿ ತಿದ್ದುಪಡಿ ಸಂಖ್ಯೆಯೂ ಇರಲಿ, ಯುನೀಕ್ ನಿಬಂಧನೆಗೆ ಅದೂ ಸೇರಲಿ. ಹಳೆಯ ಜಮೆ ರದ್ದಾಗಿ ಹೊಸದು ಬೀಳಲಿ. ತಿದ್ದುಪಡಿ ಸಂಖ್ಯೆಯೂ ಒಂದೇ ಆಗಿದ್ದು ತೂಕ ಬದಲಾಗಿದ್ದರೆ ಮನುಷ್ಯರ ಕಣ್ಣಿಗೆ ಹೋಗಲಿ, ಸದ್ದಿಲ್ಲದೆ ನುಂಗಬೇಡಿ.

ಕ್ಯೂ ಡ್ಯೂರಬಲ್ (ಸರ್ವರ್ ಮತ್ತೆ ಶುರುವಾದರೂ ಉಳಿಯುವಂಥದ್ದು) ಆಗಿದ್ದರೆ ಸಾಲದು, ಮೆಸೇಜೂ ಪರ್ಸಿಸ್ಟೆಂಟ್ (ಡಿಸ್ಕಿಗೆ ಬರೆದಿಡಬೇಕಾದದ್ದು) ಎಂದು ಕಳಿಸಬೇಕು ಎಂದು ಬೇರೆ ಹೇಳಬೇಕೇ? ‘ನಮ್ಮಲ್ಲಿ ಲೈನ್ ಚೆನ್ನಾಗಿದೆ’ ಎನ್ನಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಏನೇನು ಚೆನ್ನಾಗಿತ್ತು ಎಂಬುದು ನೆನಪಿದೆ.

ಪ್ರಶ್ನೆ: ಎಕ್ಸ್‌ಎಂಎಲ್ ಒಳ್ಳೆಯದೋ ಮಾಹಿತಿ ಬರೆಯುವ ಇನ್ನೊಂದು ರೂಪವಾದ ಜೇಸನ್ ಒಳ್ಳೆಯದೋ?

ಎರಡೂ ಕಡೆಯವರು ಒಂದೇ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿ ಇರಬೇಕೆಂಬ ನಿಯಮಪಟ್ಟಿ) ಒಪ್ಪಿ, ಬಂದದ್ದನ್ನು ಅದಕ್ಕೆ ಹಿಡಿದು ನೋಡುವುದಾದರೆ ಯಾವುದಾದರೂ ಸರಿ.

ಪ್ರಶ್ನೆ: ತೋಟದ ದಾಖಲೆಯ 40 ಎಂಬಿ ಸ್ಕ್ಯಾನ್ ಪ್ರತಿಯನ್ನು ಮೆಸೇಜಿನೊಳಗೇ ಕಳಿಸಬಹುದೇ?

ಬೇಡ. ಫೈಲನ್ನು ಬೇರೆಡೆ ಇಟ್ಟು ಅದರ ವಿಳಾಸ ಕಳಿಸಿ.

ಪ್ರಶ್ನೆ: ಒಂದು ಹಾಳಾದ ಮೆಸೇಜ್ ಮತ್ತೆ ಮತ್ತೆ ಬಂದು ಹಿಂದಿನವೆಲ್ಲ ನಿಂತಿವೆ. ಕ್ಯೂ ಖಾಲಿ ಮಾಡಲೇ?

ಖಾಲಿ ಮಾಡಿದರೆ ಹಿಂದೆ ನಿಂತವರ ಚೀಟಿಯೂ ಹೋಗುತ್ತದೆ. ಕೆಲವು ಪ್ರಯತ್ನದ ನಂತರ ಡೆಡ್ ಲೆಟರ್ ಕ್ಯೂಗೆ (ಕೆಟ್ಟ ಮೆಸೇಜುಗಳನ್ನು ಬದಿಗಿಡುವ ಬೇರೆ ಕ್ಯೂ) ತಳ್ಳುವಂತೆ ಮಾಡಿ, ದಿನಕ್ಕೊಮ್ಮೆ ಅದನ್ನು ತೆರೆದು ನೋಡಿ. ನೋಡದವರೇ ಹೆಚ್ಚು.

ಪ್ರಶ್ನೆ: ಬೆಳೆಗಾರರ ಕನ್ನಡ ಹೆಸರುಗಳು ಆಚೆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕ್ಯೂ ಕೆಡಿಸುತ್ತಿದೆಯೇ?

ಕ್ಯೂಗೆ ನಿಮ್ಮ ಹೆಸರು ಓದಲು ಬರುವುದಿಲ್ಲ, ಬೈಟುಗಳನ್ನು ಹೊತ್ತು ಹಾಕುತ್ತದೆ ಅಷ್ಟೇ. ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಯುಟಿಎಫ್-8, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ, ಎಲ್ಲೋ ತಪ್ಪಿದೆ ಎನ್ನುತ್ತಿದ್ದೆ. ಇಂಗ್ಲಿಷ್ ಅಕ್ಷರಗಳಾದರೆ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದೆ, ಟೈಪ್ ಮಾಡಿರಬೇಕು. ಹಳೆಯ ಪಟ್ಟಿಯನ್ನು ಒಮ್ಮೆ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕೂತು ಪರಿಶೀಲಿಸಿ. ಪರಿವರ್ತಕಗಳು ಹೆಚ್ಚಾಗಿ ತಪ್ಪುವುದು ಅಲ್ಲೇ.