ಮದುವೆಗೆ ಕೂದಲಿಗೆ ಯಾವ ಬಣ್ಣ ಹಚ್ಚಲಿ?

ಪ್ರಶ್ನೆ: ಅಕ್ಕಾ, ನನಗೆ 47 ವರ್ಷ. ಪೆರ್ಲದ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. ಮೈಬಣ್ಣ ಎಣ್ಣೆಗಪ್ಪು. ಬೈತಲೆಯ ಅಕ್ಕಪಕ್ಕ, ಕಿವಿಯ ಮೇಲೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಇಷ್ಟು ವರ್ಷ ಮನೆಯಲ್ಲೇ ಕಪ್ಪು ಡೈ ಹಚ್ಚುತ್ತಿದ್ದೆ. ಅದರಿಂದ ಮುಖ ಬಾಡಿದ ಹಾಗೆ ಕಾಣುತ್ತದೆ ಅಂತ ಮಗಳು ಹೇಳುತ್ತಾಳೆ. ಡಿಸೆಂಬರಿನಲ್ಲಿ ಅಣ್ಣನ ಮಗಳ ಮದುವೆ. ಅಂಗಡಿಯಲ್ಲಿ ಬರ್ಗಂಡಿ ಪೆಟ್ಟಿಗೆ ನೋಡಿದೆ, ಚಂದ ಅನ್ನಿಸಿತು. ನನಗೆ ಒಪ್ಪಬಹುದಾ?

ಉತ್ತರ: ಮಗಳು ಹೇಳಿದ್ದು ಸರಿ. ಅಚ್ಚ ಕಪ್ಪು ಡೈ ಎಲ್ಲ ಎಳೆಗೂ ಒಂದೇ ಬಣ್ಣ ಕೊಡುತ್ತದೆ. ಹುಟ್ಟಿದ ಕೂದಲು ಹಾಗಿರುವುದಿಲ್ಲ. ಬಿಸಿಲಿಗೆ ಬಂದು ನೋಡಿ, ನಮ್ಮಲ್ಲಿ ಎಷ್ಟೋ ಜನರ ಕೂದಲು ಕಪ್ಪಲ್ಲ, ಕಡು ಕಂದು. ಮುಖದ ಸುತ್ತ ಗಟ್ಟಿ ಕಪ್ಪು ಬಂದರೆ ಟೊಪ್ಪಿ ಇಟ್ಟ ಹಾಗಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಪಕ್ಕದ ಗೆರೆ ಎಲ್ಲ ಎದ್ದು ಕಾಣುತ್ತವೆ.

ಬರ್ಗಂಡಿ ಕೆಟ್ಟ ಬಣ್ಣ ಅಲ್ಲ. ಆದರೆ ನಿಮ್ಮ ತಲೆಯಲ್ಲಿ ಈಗ ಎರಡು ಥರದ ಕೂದಲಿದೆ. ಬುಡದಲ್ಲಿ ಬಿಳಿ, ಕೆಳಗೆ ವರ್ಷಗಳ ಕಪ್ಪು ಡೈ. ಬರ್ಗಂಡಿ ಬಿಳಿ ಕೂದಲಿಗೆ ಝಗ್ಗನೆ ಹಿಡಿಯುತ್ತದೆ, ಕೆಂಪು ನೇರಳೆಯಾಗಿ. ಡೈ ಮಾಡಿದ ಕೂದಲಿನ ಮೇಲೆ ಕಾಣುವುದೇ ಇಲ್ಲ. ಒಂದು ಡೈ ಮೇಲೆ ಇನ್ನೊಂದು ಡೈ ಹಚ್ಚಿ ಕೂದಲನ್ನು ತಿಳಿ ಮಾಡಲು ಆಗುವುದಿಲ್ಲ. ಕೊನೆಗೆ ಬೈತಲೆ ಮಾತ್ರ ಕೆಂಪಾಗಿ, ಜಡೆ ಕಪ್ಪಾಗಿ ಉಳಿಯುತ್ತದೆ. ಮದುವೆಯ ಫೋಟೋದಲ್ಲಿ ನಿಮಗದು ಬೇಡ ಅಲ್ವಾ?

ಬಣ್ಣ ಆರಿಸುವ ಮೊದಲು ಮುಖ ನೋಡಬೇಕು. ಕುಂಬಳೆಯ ನನ್ನ ಪಾರ್ಲರಿನ ಕಪಾಟಿನಲ್ಲಿ ಎರಡು ಬಟ್ಟೆ ಯಾವಾಗಲೂ ಇರುತ್ತವೆ. ಒಂದು ಅಚ್ಚ ಬಿಳಿ ಮುಂಡು, ಇನ್ನೊಂದು ಕೆನೆಬಣ್ಣದ ಕಸವು ಸೀರೆ. ನಿಮ್ಮ ಮನೆಯಲ್ಲೂ ಎರಡೂ ಇದ್ದೇ ಇರುತ್ತವೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕನ್ನಡಿ ಹಿಡಿದು ಜಗಲಿಗೆ ಬನ್ನಿ. ಟ್ಯೂಬ್‌ಲೈಟಿನ ಕೆಳಗೆ ಬೇಡ. ಪೌಡರ್ ಇರಬಾರದು, ಕೂದಲನ್ನು ಹಿಂದಕ್ಕೆ ಕಟ್ಟಿ. ಒಂದೊಂದೇ ಬಟ್ಟೆಯನ್ನು ಗದ್ದದ ಕೆಳಗೆ ಹಿಡಿಯಿರಿ. ಬಟ್ಟೆ ನೋಡಬೇಡಿ, ಕಣ್ಣಿನ ಸುತ್ತ ನೋಡಿ. ಕಸವಿನಲ್ಲಿ ಮುಖ ತಿಳಿಯಾದರೆ ನಿಮ್ಮ ಚರ್ಮದಲ್ಲಿ ಹಳದಿ ಛಾಯೆ ಜಾಸ್ತಿ. ಚೆಸ್ಟ್‌ನಟ್, ಚಾಕೊಲೇಟ್, ಹೊಂಬಣ್ಣದ ಕಂದು ಒಪ್ಪುತ್ತವೆ. ಬಿಳಿ ಮುಂಡಿನಲ್ಲಿ ಚೆನ್ನಾಗಿ ಕಂಡರೆ ಹೊಂಬಣ್ಣ ಬೇಡ. ಸಾದಾ ಕಂದು, ಬೂದುಗಂದು, ಇಲ್ಲವೇ ನಿಮಗೆ ಇಷ್ಟವಾದ ಬರ್ಗಂಡಿಯ ಸಣ್ಣ ಛಾಯೆ. ಎರಡರಲ್ಲೂ ಒಂದೇ ಥರ ಕಂಡರೆ ಚಾಕೊಲೇಟ್ ಧೈರ್ಯವಾಗಿ ತೆಗೆದುಕೊಳ್ಳಿ. ಮುಂಗೈ ನರದ ಬಣ್ಣ ನೋಡಿ ಹೇಳುವ ಕ್ರಮವೂ ಇದೆ, ನಮ್ಮಂಥ ಮೈಬಣ್ಣಕ್ಕೆ ಅದು ಸರಿಯಾಗಿ ತಿಳಿಯುವುದಿಲ್ಲ.

ಪೆಟ್ಟಿಗೆಯ ಮೇಲಿನ ಹುಡುಗಿಯನ್ನು ನೋಡಬೇಡಿ, ಅಂಕೆ ನೋಡಿ. 1 ಅಂದರೆ ಕಪ್ಪು, 3 ಕಡು ಕಂದು, 4 ನಡು ಕಂದು, 5 ತಿಳಿ ಕಂದು. ಹೀಗೆ 10ರವರೆಗೆ ತಿಳಿಯಾಗುತ್ತಾ ಹೋಗುತ್ತದೆ. ಚುಕ್ಕೆಯ ನಂತರದ ಅಂಕೆ ಛಾಯೆ. ಹೆಚ್ಚಿನ ಕಂಪನಿಗಳಲ್ಲಿ .1 ಬೂದಿ, .3 ಹೊನ್ನು, .4 ತಾಮ್ರ. ನೀವು ಈ ಸಲ ಬುಡಕ್ಕೆ 3 ಹಚ್ಚಿ. ಒಮ್ಮೆಲೇ 4ಕ್ಕೋ 5ಕ್ಕೋ ಹೋದರೆ ಬುಡದಲ್ಲಿ ತಿಳಿ ಪಟ್ಟಿ ಬೀಳುತ್ತದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹಳೆಯ ಕಪ್ಪು ತುದಿಯನ್ನು ಆಗಾಗ ಕತ್ತರಿಸುತ್ತಾ ಬನ್ನಿ, ಮುಂದಿನ ವರ್ಷ 4ಕ್ಕೆ ಹೋಗಬಹುದು.

ಇದೊಂದನ್ನು ದಯವಿಟ್ಟು ಬಿಡಬೇಡಿ. ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ. ಗಾಢ ಬಣ್ಣದ ಹೆಚ್ಚಿನ ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ‘ಕಪ್ಪು ಮೆಹಂದಿ’ ಅಂತ ಮಾರುವ ಪುಡಿಗಳಲ್ಲೂ ಇರಬಹುದು. ಇಷ್ಟು ವರ್ಷ ಏನೂ ಆಗಿಲ್ಲ ಅಂತ ಧೈರ್ಯ ಬೇಡ, ಈ ಅಲರ್ಜಿ ವರ್ಷಗಳ ನಂತರವೂ ಶುರುವಾಗುತ್ತದೆ. ತುರಿಕೆ ಬಂದರೆ, ಕೆಂಪಾದರೆ ಆ ಡೈ ಬೇಡವೇ ಬೇಡ. ಹಚ್ಚಿದ ಮೇಲೆ ಮುಖವೋ ಕಣ್ಣಿನ ರೆಪ್ಪೆಯೋ ಊದಿಕೊಂಡರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಅದಕ್ಕೇ ಹೇಳುವುದು, ಮದುವೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಹತ್ತು ದಿನ ಮೊದಲೇ ಮುಗಿಸಿ.

ನಿಮ್ಮ ಕಡೆ ಗುಡ್ಡ ಕೊರೆದು ತೆಗೆದ ಸುರಂಗದ ನೀರು, ಬಾವಿಯ ನೀರು. ಬಕೆಟಿನಲ್ಲಿ ಕೆಂಪು ಕಲೆ ಕೂರುವ ನೀರಾದರೆ ಅದರಲ್ಲಿ ಕಬ್ಬಿಣ ಇದೆ, ಅದು ಕೂದಲಿನ ಬಣ್ಣವನ್ನೂ ಕೆಡಿಸುತ್ತದೆ. ಕೊನೆಯ ಎರಡು ತಂಬಿಗೆಯಾದರೂ ಫಿಲ್ಟರ್ ನೀರು ಹಾಕಿ. ಹಚ್ಚುವ ದಿನ ತಲೆಯಲ್ಲಿ ತೆಂಗಿನೆಣ್ಣೆ ಬೇಡ, ಆಮೇಲೆ ಎಂದಿನಂತೆ ಹಚ್ಚಿಕೊಳ್ಳಿ.

ಪ್ರಶ್ನೆ: ನಾನು ಉಪ್ಪಳದವಳು, ಡಿಗ್ರಿ ಓದುತ್ತಿದ್ದೇನೆ. ಬ್ಲೀಚ್ ಮಾಡದೆ ಬೂದಿ ಬಣ್ಣದ ಹೈಲೈಟ್ಸ್ ಮಾಡಬಹುದಾ ಅಕ್ಕಾ? ರಜೆಯಲ್ಲಿ ಮೆಹಂದಿ ಹಚ್ಚಿದ್ದೆ.

ಉತ್ತರ: ಆಗುವುದಿಲ್ಲ ತಂಗೀ. ಕಪ್ಪು ಕೂದಲನ್ನು ತಿಳಿ ಮಾಡುವಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಬರುತ್ತದೆ. ಬೂದಿ ಬಣ್ಣ ನಿಲ್ಲಬೇಕಾದರೆ ತೀರ ತಿಳಿ ಹಳದಿಯವರೆಗೆ ಹೋಗಬೇಕು. ಅಷ್ಟು ಹೊತ್ತಿಗೆ ಕೂದಲು ಒಣಗಿ ತುಂಡಾಗುತ್ತದೆ. ಬ್ಲೀಚ್ ಬೇಡವೆಂದರೆ 5.1 ಬೂದುಗಂದು ನೋಡು, ಅದೂ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ಕತ್ತಿನ ಹತ್ತಿರದ ನಾಲ್ಕೈದು ಎಳೆಗೆ ಹಚ್ಚಿಸಿಕೋ, ಇಷ್ಟವಾಗದಿದ್ದರೆ ಮೇಲಿನ ಕೂದಲಲ್ಲಿ ಮುಚ್ಚಿಹೋಗುತ್ತದೆ. ಮೆಹಂದಿ ಹಚ್ಚಿದ್ದನ್ನು ಪಾರ್ಲರಿನವರಿಗೆ ಮೊದಲೇ ಹೇಳು, ಆ ಪ್ಯಾಕೆಟ್ ಇದ್ದರೆ ತೋರಿಸು. ಕೆಲವು ಪುಡಿಗಳಲ್ಲಿ ಲೋಹದ ಲವಣ ಸೇರಿಸಿರುತ್ತಾರೆ, ಅದಕ್ಕೆ ಡೈಗೂ ಬ್ಲೀಚಿಗೂ ಬೆರೆಸುವ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯಾಗಿ ಹಾಳಾಗುತ್ತದೆ. ಒಂದು ಎಳೆಯಲ್ಲಿ ಪರೀಕ್ಷೆ ಮಾಡದೆ ಯಾರಿಗೂ ಹಚ್ಚಲು ಬಿಡಬೇಡ.