ಸಂಪಾದಕರ ಉತ್ತರ: ಹತ್ತು ದಿನದ ಅಪ್ಪುಗೆ

ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿರುವ ಉಡುಪಿ ಮೂಲದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಅವರ ಹದಿನೇಳು ವರ್ಷದ ಮಗಳು ಬರುವ ಜೂನ್ ತಿಂಗಳಲ್ಲಿ ತಮ್ಮ ಕ್ರೈಸ್ತ ಸಭೆಯ ಯುವಜನ ಕೂಟದೊಂದಿಗೆ ಹತ್ತು ದಿನಗಳ ಮಟ್ಟಿಗೆ ಕಾಂಬೋಡಿಯದ ಸಿಯೆಮ್ ರೀಪ್‌ಗೆ ಹೊರಟಿದ್ದಾಳೆ. ಅಲ್ಲಿನ ಅನಾಥಾಶ್ರಮವೊಂದರ ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ) ನಡೆಸುವುದು, ಹಾಡು ಕಲಿಸುವುದು, ಕಟ್ಟಡಕ್ಕೆ ಬಣ್ಣ ಬಳಿಯುವುದು ಅವರ ಕಾರ್ಯಕ್ರಮ. ಇಂಥ ಸೇವಾಯಾತ್ರೆಗಳನ್ನು ಪ್ರಶ್ನಿಸಿ ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಟಿಪ್ಪಣಿಯಿಂದ ನೊಂದ ಅವರು, "ದೇವರ ಕೆಲಸಕ್ಕೆಂದು ಹೊರಟ ಮಕ್ಕಳನ್ನು ಪ್ರವಾಸಿಗರೆಂದು ಕರೆಯುವುದು ನ್ಯಾಯವೇ? ತಬ್ಬಲಿ ಮಗುವೊಂದನ್ನು ಅಪ್ಪಿಕೊಂಡರೆ ಯಾರಿಗೇನು ಹಾನಿ?" ಎಂದು ಕೇಳಿದ್ದಾರೆ.

ಮಾನ್ಯ ಸಹೋದರಿಯವರಿಗೆ, ನಮಸ್ಕಾರಗಳು.

ಆ ಟಿಪ್ಪಣಿಯನ್ನು ಬರೆದವನು ನಾನೇ ಆದ್ದರಿಂದ ಉತ್ತರ ಕೊಡುವ ಹೊಣೆಯೂ ನನ್ನದೇ. ರಜಾದಿನಗಳಲ್ಲಿ ಬೇಕರಿಯೊಂದರಲ್ಲಿ ದುಡಿದು ಪ್ರಯಾಣದ ಅರ್ಧ ಖರ್ಚನ್ನು ತಾನೇ ಕೂಡಿಸಿಟ್ಟಿರುವ ನಿಮ್ಮ ಮಗಳಂಥವರನ್ನು ಪ್ರವಾಸಿಗರ ಸಾಲಿಗೆ ಸೇರಿಸಿದ್ದು ತಪ್ಪು. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ನಿಮ್ಮ ಕ್ಷಮೆಯನ್ನೂ ಕೇಳುತ್ತೇನೆ. ಟಿಪ್ಪಣಿಯ ಉಳಿದ ಭಾಗವನ್ನು ಮಾತ್ರ ಹಿಂದಕ್ಕೆ ಪಡೆಯಲಾರೆ. ಅವಳ ಮನಸ್ಸಿನ ಬಗ್ಗೆ ನನಗೆ ಕಿಂಚಿತ್ತೂ ಸಂದೇಹವಿಲ್ಲ. ಸಂದೇಹವಿರುವುದು ಅವಳನ್ನು ಕರೆದೊಯ್ಯುತ್ತಿರುವ ಜಾಗದ ಬಗ್ಗೆ.

ಕಾಂಬೋಡಿಯವು ಅನಾಥ ಮಕ್ಕಳ ಸಂಕಟವನ್ನು ಬಲ್ಲ ದೇಶವೇ ಹೌದು. 1975ರಿಂದ 1979ರವರೆಗೆ ನಡೆದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆಯ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಕೊಲೆಗೆ, ಹಸಿವಿಗೆ, ರೋಗಕ್ಕೆ ಬಲಿಯಾದರು. ಆದರೆ ಆಗ ತಬ್ಬಲಿಗಳಾದವರು ಈಗ ನಡುವಯಸ್ಸನ್ನು ದಾಟುತ್ತಿದ್ದಾರೆ. ಅನಾಥಾಶ್ರಮಗಳ ಸಂಖ್ಯೆ ಏರಿದ್ದು ಬಹಳ ತಡವಾಗಿ, ದೇಶ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ. 2005ರಿಂದ 2010ರವರೆಗಿನ ಐದೇ ವರ್ಷಗಳಲ್ಲಿ ಅದು ಶೇ. 75ರಷ್ಟು ಹೆಚ್ಚಿತೆಂದು ಯುನಿಸೆಫ್ ತಿಳಿಸಿತು. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದರು. ಅಂಗ್‌ಕೋರ್ ವಾಟ್ ನೋಡಲು ಬರುವ ವಿದೇಶಿಯರ ಸಂಖ್ಯೆ ಏರಿದ್ದೂ ಇದೇ ವರ್ಷಗಳಲ್ಲಿ, ಆ ದೇವಾಲಯದ ಮಗ್ಗುಲಲ್ಲೇ ಇರುವ ಊರು ನಿಮ್ಮ ಮಗಳು ಹೊರಟಿರುವ ಸಿಯೆಮ್ ರೀಪ್.

ಇದು ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲದಲ್ಲಿ ಮುಳುಗಿದ ರೈತ ಕುಟುಂಬದ ಬಳಿಗೆ, ಅಥವಾ ಗಂಡನನ್ನು ಕಳೆದುಕೊಂಡ ಹೆಂಗಸಿನ ಬಳಿಗೆ ಒಬ್ಬರು ಬಂದು, ನಿಮ್ಮ ಮಗುವಿಗೆ ಮೂರು ಹೊತ್ತಿನ ಊಟ, ಇಂಗ್ಲಿಷ್ ಶಿಕ್ಷಣ, ಒಳ್ಳೆಯ ಭವಿಷ್ಯ ಸಿಗುತ್ತದೆ ಎನ್ನುತ್ತಾರೆ. ಆಕೆ ಮಗುವನ್ನು ಬೇಡವೆಂದು ಬಿಟ್ಟುಕೊಡುವುದಿಲ್ಲ, ಅದರ ಒಳ್ಳೆಯದಕ್ಕೆಂದೇ ಕಳಿಸುತ್ತಾಳೆ. ಆಶ್ರಮಕ್ಕೆ ಹಣ ಬರುವುದು ಹೊರದೇಶದ ಸಭೆಗಳಿಂದ ಮತ್ತು ಸ್ವಯಂಸೇವಕರಿಂದ. ಅವರು ಕೊಡುವುದು ಅನಾಥರಿಗೆಂದು, ಆದ್ದರಿಂದ ಮಗು ಅನಾಥವಾಗಿಯೇ ಉಳಿಯಬೇಕಾಗುತ್ತದೆ. ಎಲ್ಲ ಕಡೆಯೂ ಮೋಸವೇ ನಡೆಯುತ್ತದೆಂದು ನಾನು ಹೇಳುತ್ತಿಲ್ಲ; ಪ್ರಾಮಾಣಿಕರು ನಡೆಸುವ ಮನೆಗಳೂ ಇವೆ. ಆದರೆ ಕೊಡುಗೆಯು ಮಕ್ಕಳ ತಲೆಯೆಣಿಕೆಯ ಮೇಲೆ ಬರುವ ತನಕ, ಮಗುವೊಂದು ತಾಯಿಯ ಮಡಿಲಿಗೆ ಮರಳಿದಾಗಲೆಲ್ಲ ಪ್ರಾಮಾಣಿಕರ ಆಶ್ರಮಕ್ಕೂ ಆದಾಯ ಕಡಿಮೆಯಾಗುತ್ತದೆ.

ಸದುದ್ದೇಶವೊಂದೇ ಸಾಲದೆಂಬುದನ್ನು ಹೈಟಿಯಲ್ಲಿ ಕಂಡೆವು. 2010ರ ಜನವರಿ 12ರ ಭೂಕಂಪದ ಬೆನ್ನಿಗೇ ಅಲ್ಲಿಗೆ ಧಾವಿಸಿದ ಹತ್ತು ಮಂದಿ ಅಮೆರಿಕನ್ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಡೊಮಿನಿಕನ್ ಗಣರಾಜ್ಯಕ್ಕೆ ಹೊರಟಾಗ ಪೊಲೀಸರು ಅವರನ್ನು ಗಡಿಯಲ್ಲಿ ತಡೆದು ಬಂಧಿಸಿದರು. ಅನಾಥರನ್ನು ಉಳಿಸುತ್ತಿದ್ದೇವೆಂದೇ ಅವರು ಹೇಳಿದ್ದರು, ಆದರೆ ಆ ಮಕ್ಕಳ ಹೆತ್ತವರು ಬದುಕಿದ್ದರೆಂಬುದು ಆಮೇಲೆ ಬೆಳಕಿಗೆ ಬಂತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಅಪ್ಪುಗೆಯದು. ಇದಕ್ಕೆ ನಾನು ಕಂಡದ್ದನ್ನೇ ಹೇಳಬೇಕು. ಕಾಲೇಜಿನಲ್ಲಿದ್ದಾಗ ಒಂದು ಕ್ರಿಸ್‌ಮಸ್ ರಜೆಯಲ್ಲಿ ಗೆಳೆಯರೊಡನೆ ಉತ್ತರ ಕರ್ನಾಟಕದ ಒಂದು ಮಕ್ಕಳ ಆಶ್ರಮದಲ್ಲಿ ಎಂಟು ದಿನ ಇದ್ದೆ. ಗೇಟಿನ ಒಳಗೆ ಕಾಲಿಟ್ಟ ಕ್ಷಣವೇ ಆರು ವರ್ಷದ ಹುಡುಗನೊಬ್ಬ ಓಡಿಬಂದು ನನ್ನ ಕೈ ಹಿಡಿದವನು ಆ ಎಂಟು ದಿನವೂ ಬಿಡಲಿಲ್ಲ. ಹೊರಡುವ ದಿನ ಮುಂದಿನ ವರ್ಷ ಮತ್ತೆ ಬರುತ್ತೇನೆಂದು ಅವನಿಗೆ ಮಾತು ಕೊಟ್ಟೆ, ಆದರೆ ಹೋಗಲಿಲ್ಲ. ನನ್ನ ಹಿಂದೆ ಎಷ್ಟು ಮಂದಿ ಹಾಗೆ ಮಾತು ಕೊಟ್ಟಿದ್ದರೋ, ಮುಂದೆ ಎಷ್ಟು ಮಂದಿ ಕೊಟ್ಟರೋ ಎಂಬ ಯೋಚನೆ ನನಗೆ ಬಂದದ್ದು ನಾನು ತಂದೆಯಾದ ಮೇಲೆ. ಮನೆಯಲ್ಲಿ ಬೆಳೆದ ನನ್ನ ಮಗಳು ಅಪರಿಚಿತರು ಬಂದರೆ ತಾಯಿಯ ಸೆರಗಿನ ಮರೆಗೆ ಸರಿಯುತ್ತಿದ್ದಳು. ಆ ಹುಡುಗನಿಗೆ ಸರಿದು ನಿಲ್ಲಲು ಮರೆಯೇ ಇರಲಿಲ್ಲ. ನನ್ನ ಮೇಲಿನ ಪ್ರೀತಿಯೆಂದು ನಾನು ಅಂದು ಹಿಗ್ಗಿದ್ದೆನಲ್ಲ, ಅದು ಅವನ ಕೊರತೆಯ ಗುರುತಾಗಿತ್ತು.

ರುಮೇನಿಯದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಆಶ್ರಮಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಸೇರಿಸಿ, ಎಲ್ಲರ ಬೆಳವಣಿಗೆಯನ್ನೂ ವರ್ಷಗಟ್ಟಲೆ ಗಮನಿಸಿದರು. ಕುಟುಂಬಕ್ಕೆ ಸೇರಿದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಸೇರಿದವರು, ಬುದ್ಧಿಯಲ್ಲಿಯೂ ಭಾವನೆಯಲ್ಲಿಯೂ ಹೆಚ್ಚು ಚೇತರಿಸಿಕೊಂಡರು. ಗುರುತಿಲ್ಲದವರನ್ನು ಹಿಂದುಮುಂದು ನೋಡದೆ ಅಪ್ಪಿಕೊಳ್ಳುವುದು ಆಶ್ರಮದ ಮಕ್ಕಳಲ್ಲಿ ಕಂಡುಬರುವ ತೊಂದರೆಗಳಲ್ಲಿ ಒಂದೆಂದು ಮಕ್ಕಳ ಮನೋವೈದ್ಯರು ಬಲ್ಲರು. ಎಳೆಯ ಮಗುವಿಗೆ ಬೇಕಾದದ್ದು ಬಿಟ್ಟುಹೋಗದ ಒಂದೆರಡು ಮುಖಗಳು. ಹತ್ತು ದಿನಕ್ಕೊಂದು ತಂಡ ಬಂದು ಮುದ್ದಿಸಿ ಹೊರಟುಹೋದಾಗ, ಮೊದಲೇ ಒಮ್ಮೆ ಅಗಲಿಕೆಯನ್ನು ಉಂಡ ಮಗು ಅದನ್ನೇ ಮತ್ತೆ ಮತ್ತೆ ಉಣ್ಣುತ್ತದೆ.

ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ವಿಚಾರಿಸುವುದೇ ನಿಜವಾದ ಭಕ್ತಿಯೆನ್ನುವ, ಬೈಬಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 27ನೆಯ ವಚನವನ್ನು ನಿಮ್ಮ ಪತ್ರದಲ್ಲಿ ನೆನಪಿಸಿದ್ದೀರಿ. ಆ ವಚನವನ್ನು ನಾನೂ ಬಾಲ್ಯದಿಂದ ಕೇಳಿ ಬೆಳೆದವನು. ಅಲ್ಲಿ ಅನಾಥರ ಜೊತೆಗೇ, ಅದೇ ಉಸಿರಿನಲ್ಲಿ, ವಿಧವೆಯರ ಹೆಸರೂ ಇದೆ ಎಂಬುದನ್ನು ದಯವಿಟ್ಟು ಗಮನಿಸಿ. ಅದು ಬರೆಯಲ್ಪಟ್ಟ ಕಾಲದಲ್ಲಿ ತಂದೆಯನ್ನು ಕಳೆದುಕೊಂಡ ಮಗುವೂ ಅನಾಥನೇ. ಆ ಅನಾಥನೂ ಆ ವಿಧವೆಯೂ ಒಂದೇ ಮನೆಯ ಮಗ ಮತ್ತು ತಾಯಿ. ಅವರ ಸಂಕಟದಲ್ಲಿ ಅವರನ್ನು ವಿಚಾರಿಸುವುದೆಂದರೆ ಆ ಮನೆ ಒಡೆಯದಂತೆ ನೋಡಿಕೊಳ್ಳುವುದೆಂದೇ ನಾನು ಓದುತ್ತೇನೆ. ನಮ್ಮ ಸಭೆಗಳು ಮಗುವಿಗೆಂದು ಕಟ್ಟಡ ಕಟ್ಟಿದವು, ತಾಯಿಯನ್ನು ಮಾತ್ರ ಹೊರಗೆ ಬಿಟ್ಟವು. ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದೆಂದು 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿ ಹೇಳುವುದೂ ಇದನ್ನೇ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದನ್ನು ಕಟ್ಟಕಡೆಯ ದಾರಿಯೆಂದೇ ಎಣಿಸುತ್ತದೆ.

ಹಾಗಾದರೆ ದೂರದೇಶಕ್ಕೆ ಹೋಗಿ ಸೇವೆ ಮಾಡುವುದೇ ತಪ್ಪೆಂದು ನಾನು ಹೇಳಿದಂತಾಯಿತೇ? ಇಲ್ಲ, ಕನ್ನಡ ಪತ್ರಿಕೆಯೊಂದರ ಸಂಪಾದಕನಾಗಿ ಹಾಗೆನ್ನಲು ನನಗೆ ಬಾಯಿಯೂ ಬಾರದು. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು 1843ರಲ್ಲಿ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಮತಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅವರು ನೆಲೆನಿಂತು, ನಮ್ಮ ಮಾತನ್ನು ಕಲಿತು, ಬಳಿಕ ಕೆಲಸಕ್ಕೆ ಕೈ ಹಾಕಿದರು. ಹದಿನೇಳು ವರ್ಷದ ಹುಡುಗಿಯಿಂದ ಅಷ್ಟನ್ನು ಯಾರೂ ಬಯಸುವುದಿಲ್ಲ. ಆದರೆ ಕಾಂಬೋಡಿಯದ ಖ್ಮೇರ್ ಭಾಷೆಯ ಒಂದು ಪದವೂ ತಿಳಿಯದ ತಂಡಕ್ಕೆ ಹತ್ತು ದಿನಗಳಲ್ಲಿ ತಕ್ಕ ಕೆಲಸ ಯಾವುದೆಂದು ಹಿರಿಯರು ಯೋಚಿಸಬೇಕಿತ್ತು. ಗೋಡೆಗೆ ಬಣ್ಣ ಬಳಿಯುವ ಕೂಲಿಯವರು ಸಿಯೆಮ್ ರೀಪ್‌ನಲ್ಲೇ ಇದ್ದಾರೆ, ಅವರಿಗೆ ಆ ಕೂಲಿಯ ಅಗತ್ಯವೂ ಇದೆ.

ಮುಂಗಡ ಹಣ ಕಟ್ಟಲು ಈ ತಿಂಗಳ ಕೊನೆಯವರೆಗೆ ಸಮಯವಿದೆಯೆಂದು ಬರೆದಿದ್ದೀರಿ. ಅದಕ್ಕೆ ಮೊದಲು ನಿಮ್ಮ ಸಭಾಪಾಲಕರನ್ನು ವಿನಯದಿಂದಲೇ ಕೆಲವು ಮಾತು ಕೇಳಿ. ಆ ಆಶ್ರಮದ ಮಕ್ಕಳಲ್ಲಿ ಎಷ್ಟು ಮಂದಿಗೆ ತಾಯಿಯೋ ತಂದೆಯೋ ಇದ್ದಾರೆ, ಮಕ್ಕಳು ಅವರನ್ನು ನೋಡುವುದು ಎಷ್ಟು ತಿಂಗಳಿಗೊಮ್ಮೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು, ಆಶ್ರಮಕ್ಕೆ ಕಾಂಬೋಡಿಯ ಸರ್ಕಾರದ ಅನುಮತಿ ಇದೆಯೇ, ಮಕ್ಕಳ ಜೊತೆ ಇರಲು ಬರುವವರ ಪೂರ್ವಾಪರವನ್ನು ಯಾರಾದರೂ ವಿಚಾರಿಸುತ್ತಾರೆಯೇ. ಈ ಕೊನೆಯ ಪ್ರಶ್ನೆಯನ್ನು ಒತ್ತಿ ಕೇಳಿ: ನಿಮ್ಮ ಮಗಳನ್ನು ಏನೂ ವಿಚಾರಿಸದೆ ಒಳಗೆ ಬಿಡುವ ಬಾಗಿಲು ಕೆಟ್ಟ ಉದ್ದೇಶದಿಂದ ಬಂದವನನ್ನೂ ಹಾಗೆಯೇ ಬಿಟ್ಟುಕೊಳ್ಳುತ್ತದೆ. ಸರಿಯಾದ ಉತ್ತರ ಬಾರದಿದ್ದರೆ ಆಶ್ರಮದ ಕಾರ್ಯಕ್ರಮವನ್ನು ಕೈಬಿಟ್ಟು, ಹೆತ್ತವರ ಜೊತೆಗೇ ಬದುಕುವ ಮಕ್ಕಳಿಗಾಗಿ ಊರಿನವರೇ ನಡೆಸುವ ಶಾಲೆಗೋ ಹಗಲು ಪಾಲನೆಯ ಕೇಂದ್ರಕ್ಕೋ ತಂಡವನ್ನು ಕರೆದೊಯ್ಯಲು ಸಾಧ್ಯವೇ ಎಂದು ಕೇಳಿ. ಅಲ್ಲಿ ಖ್ಮೇರ್ ಶಿಕ್ಷಕಿಯರ ಕೈಕೆಳಗೆ, ಅವರು ಹೇಳಿದ್ದನ್ನು ಮಾಡುತ್ತ ಅವಳು ಹತ್ತು ದಿನ ಕಳೆಯಲಿ, ಮಕ್ಕಳ ಫೋಟೋ ತೆಗೆಯದಿರಲಿ. ಅದೂ ಆಗದಿದ್ದರೆ, ತಲಾ 3,200 ಡಾಲರ್ ಎಂದು ನೀವು ಬರೆದಿರುವ ಆ ಖರ್ಚು ಅಂಥ ಒಬ್ಬ ಶಿಕ್ಷಕಿಯ ಹಲವು ತಿಂಗಳ ಸಂಬಳವಾಗಬಲ್ಲದೆಂಬುದನ್ನು ಅವಳ ಮುಂದೆ ಇಡಿ, ತೀರ್ಮಾನವನ್ನು ಅವಳೇ ಮಾಡಲಿ.

ಈ ಉತ್ತರವನ್ನು ಅವಳಿಗೂ ಓದಿ ಹೇಳಿ. ಕನ್ನಡ ಓದಲು ಬಾರದೆಂದು ಬರೆದಿದ್ದೀರಿ, ಕೇಳಿದರೆ ತಿಳಿಯುತ್ತದೆಂದೂ ಬರೆದಿದ್ದೀರಿ. ಅವಳಿಗೆ ನನ್ನ ಮೇಲೆ ಸಿಟ್ಟು ಬಂದರೆ ನೇರವಾಗಿ ನನಗೇ ಬರೆಯಲಿ, ಆ ಪತ್ರವನ್ನೂ ಇದೇ ಪುಟದಲ್ಲಿ ಪೂರ್ತಿಯಾಗಿ ಪ್ರಕಟಿಸುತ್ತೇನೆ.

ಸಂಪಾದಕ