ಟಿಎ ಖಚಿತ ಇಲ್ಲದೆ ಹೆಂಡತಿ, ಮಗಳ ಜೊತೆ ಅಮೆರಿಕಕ್ಕೆ?

ಪಿಎಚ್‌ಡಿ ಸೀಟು ಸಿಕ್ಕಿದೆ, ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪಾಠಕ್ಕೆ ನೆರವಾಗುವ ಸಂಬಳದ ಕೆಲಸ) ಮೊದಲ ವರ್ಷಕ್ಕೆ ಮಾತ್ರ ಗ್ಯಾರಂಟಿ, ಹೆಂಡತಿ ಮತ್ತು ಮೂರು ವರ್ಷದ ಮಗಳನ್ನು ಈಗಲೇ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಮೊದಲ ಸೆಮಿಸ್ಟರ್ ಒಬ್ಬನೇ ಹೋಗುತ್ತಿದ್ದೆ. ಒಟ್ಟಿಗೇ ಹೋಗಿ ಒದ್ದಾಡಿದವನು ಹೇಳುತ್ತಿದ್ದೇನೆ ಸರ್.

ಆಫರ್ ಪತ್ರ ಇನ್ನೊಮ್ಮೆ ಓದಿ. ಸ್ಟೈಪೆಂಡ್ 12 ತಿಂಗಳಿಗೋ, 9ಕ್ಕೋ? ನನ್ನದು 9. ಮೇ ತಿಂಗಳ ಸಂಬಳ ಕೈಗೆ ಬಂದಾಗ ಖುಷಿಯಾಗಿದ್ದೆ, ಜೂನ್ ಬಾಡಿಗೆ ಕಟ್ಟುವಾಗ ತಲೆ ತಿರುಗಿತು. ಆ ಬೇಸಿಗೆ ದಾಟಿದ್ದು ಊರಿಂದ ಭಾವ ಕಳಿಸಿದ ದುಡ್ಡಲ್ಲಿ. ಟ್ಯೂಷನ್ ಮನ್ನಾ ಆದರೂ ‘ಫೀಸ್’ ಅಂತ ಬೇರೆ ಬಿಲ್ ಬರಬಹುದು. ನಿಮ್ಮ ಆರೋಗ್ಯ ವಿಮೆ ಯೂನಿವರ್ಸಿಟಿ ಕಟ್ಟಿದರೂ ಮನೆಯವರದ್ದು ಸಾಮಾನ್ಯವಾಗಿ ನಮ್ಮ ತಲೆ ಮೇಲೇ. ಅದು ಸಣ್ಣ ಮೊತ್ತ ಅಲ್ಲ.

ವಿದ್ಯಾರ್ಥಿಯ ಹೆಂಡತಿ, ಮಕ್ಕಳಿಗೆ ಕೊಡುವ ಎಫ್-2 ವೀಸಾದಲ್ಲಿ ಹೆಂಡತಿ ಕೆಲಸಕ್ಕೆ ಹೋಗುವಂತಿಲ್ಲ. ನಿಮಗೂ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಪಾಠ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ. ಪೂರ್ತಿ ಟಿಎ ಅಂದರೆ ಆ 20 ಗಂಟೆಯೂ ಮುಗಿಯಿತು. ಲೈಬ್ರರಿಯಲ್ಲಿ ಸೈಡ್ ಕೆಲಸ ಮಾಡ್ತೀನಿ ಅನ್ನೋ ಲೆಕ್ಕ ಬಿಟ್ಟುಬಿಡಿ. ಐ-20ಗೆ (ವೀಸಾಕ್ಕೆ ಬೇಕಾದ, ಯೂನಿವರ್ಸಿಟಿ ಕೊಡುವ ಪತ್ರ) ಹೆಂಡತಿ, ಮಗಳ ಖರ್ಚಿಗೂ ಬೇರೆ ದುಡ್ಡು ತೋರಿಸಬೇಕು.

ಇವತ್ತೇ ವಿಭಾಗದ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ: ಕಳೆದ ಮೂರು ವರ್ಷ, ಎರಡನೇ ವರ್ಷದವರಲ್ಲಿ ಎಷ್ಟು ಜನರಿಗೆ ಟಿಎ ಮುಂದುವರಿಯಿತು? “ಸಾಮಾನ್ಯವಾಗಿ ಸಿಗುತ್ತೆ” ಅಂದರೆ ಸುಮ್ನೆ ಬಿಡಬೇಡಿ, ಸಂಖ್ಯೆ ಕೇಳಿ. ಅಲ್ಲಿನ ಹಳೇ ವಿದ್ಯಾರ್ಥಿಗಳನ್ನೂ ಕೇಳಿ, ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.